ಫಿರಂಗಿಯ ಸುತ್ತ ದಾಯಾದಿಗಳು

ನಾನು ಬಣ್ಣ ಹಚ್ಚಿದ ಮರದ ಗಿಳಿಗೆ ಬಾಯಿ ಹಾಕಿ ಬೆಕ್ಕೊಂದು ಹಲ್ಲು ಮುರಿದುಕೊಂಡ ಸಂಗತಿ ಚನ್ನಪಟ್ಟಣದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲ ಎನ್ನುವವರು ಹೊಟ್ಟೆಕಿಚ್ಚಿನವರು. ನಾನು ಅರಗು ಕೊಟ್ಟು, ಕೇದಗೆ ಗರಿ ಹಿಡಿದು ಉಜ್ಜಿದ ಬುಗುರಿಯಲ್ಲಿ ಮುಖ ನೋಡಿಕೊಂಡು ಮದುಮಕ್ಕಳು ಮೀಸೆ ತಿದ್ದಿಸಿಕೊಂಡಿದ್ದಾರೆ. ಹೆದ್ದಾರಿ ಪಕ್ಕದ ಬೊಂಬೆ ಅಂಗಡಿಗಳ ಮುಂದೆ ಬಸ್ಸುಗಳು ತಾವಾಗಿಯೇ ನಿಧಾನವಾಗುವುದು ರಸ್ತೆಯ ಗುಂಡಿಯಿಂದ ಎಂದು ಕೆಲವರು ಹೇಳುತ್ತಾರೆ. ಅಲ್ಲ, ನನ್ನ ಹೊಳಪು ಡ್ರೈವರುಗಳ ಕಣ್ಣಿಗೆ ಹೊಡೆಯುವುದರಿಂದ. ಇಂಥವನ ಹತ್ತಿರ ಬಿಡದಿ ಕಡೆಯ ಜಯಕುಮಾರ ತನ್ನ ಯುದ್ಧವನ್ನು ತಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಜಯಕುಮಾರ ರಾಮನಗರದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಫ್ಯಾಕ್ಟರಿಗಳು ಬಿಡದಿಯಿಂದ ಈಚೆಗೆ ಒಂದೊಂದೇ ಹೊಲ ದಾಟಿಕೊಂಡು ಬರುತ್ತಿದ್ದ ಕಾಲದಲ್ಲಿ ಅವನೂ ಅವನ ದಾಯಾದಿಗಳೂ ಸೇರಿ ರಾಗಿ ಹೊಲ ಮಾರಿದರು. ಅಂದಿನಿಂದ ಅವನ ಬಟ್ಟೆ ಬೆಳ್ಳಗಾಯಿತು, ಕಾರು ಬೆಳ್ಳಗಾಯಿತು, ಹಲ್ಲು ಮಾತ್ರ ಎಲೆಅಡಿಕೆಯಿಂದ ಇದ್ದ ಹಾಗೇ ಉಳಿಯಿತು. ಹೊಲ ಕೊಂಡ ಕಂಪನಿಯವರು ಅಲ್ಲಿ ಸಾಹೇಬರುಗಳಿಗೆ ಮನೆಗಳನ್ನೂ ಒಂದು ಕ್ಲಬ್ಬನ್ನೂ ಕಟ್ಟಿದರು. ಹೊಲದ ಹುಣಿಸೆ ಮರವನ್ನು ಮಾತ್ರ ಕಡಿಯದೆ, ಸುತ್ತ ಕಟ್ಟೆ ಕಟ್ಟಿ, ಅದರ ಕೆಳಗೆ ಬಿಳಿ ಕುರ್ಚಿ ಹಾಕಿದರು. ಆ ಮರದ ಕೆಳಗೆ ಹಿಂದೆ ಇವರ ರಾಗಿ ಕಣ ಇತ್ತು. ತಾನು ಹುಟ್ಟಿದ್ದೂ ಅದರ ಕೆಳಗೇ ಎಂದು ಜಯಕುಮಾರ ಹೇಳುತ್ತಾನೆ. ಅವನು ಹುಟ್ಟಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ನನ್ನ ಮುಂದೆ ಬೇರೆಯವರು ಸುಳ್ಳು ಹೇಳಿದರೆ ನನಗೆ ಸಹಿಸುವುದಕ್ಕಾಗುವುದಿಲ್ಲ.

ಒಂದು ಸಂಜೆ ಆ ಬಿಳಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯೋಣವೆಂದು ಅವನು ಕಾರು ತಗೊಂಡು ಹೋದ. ಗೇಟಿನಲ್ಲಿ ನೀಲಿ ಯೂನಿಫಾರ್ಮು ಹಾಕಿಕೊಂಡು ನಿಂತಿದ್ದವನು ಇವನ ಚಿಕ್ಕಪ್ಪನ ಮಗ ಕರಿಯಪ್ಪ.

"ಅಣ್ಣ, ಮೆಂಬರ್ ಅಲ್ದೋರ್ನ ಬುಡಂಗಿಲ್ಲ" ಎಂದ ಕರಿಯಪ್ಪ.

"ಲೇ, ಇದು ನಮ್ಮ ಹೊಲ ಕಣ್ಲಾ."

"ನಮ್ದೂವೆ. ಅದ್ಕೇ ನಾನೂ ಈಚೇಗೇ ನಿಂತಿವ್ನಿ."

ಅಂದಿನಿಂದ ಜಯಕುಮಾರನಿಗೆ ನಿದ್ದೆ ಹತ್ತಲಿಲ್ಲ. ಹೇಗಾದರೂ ಆ ಗೇಟು ದಾಟಿ, ಮೆಂಬರಾಗಿ, ಹುಣಿಸೆ ಮರದ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂರಬೇಕು. ಬದುಕಿನಲ್ಲಿ ಅವನಿಗೆ ಬೇರೆ ಆಸೆಯೇ ಉಳಿಯಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ರಿಟೈರಾದ ಒಬ್ಬ ಮೇಜರ್. ಅವರ ಕೈಕಾಲು ಹಿಡಿದಾಗ, "ನಮ್ಮಲ್ಲಿ ದುಡ್ಡಿಗಿಂತ ಅಭಿರುಚಿ ಮುಖ್ಯ. ನಿಮ್ಮ ಹವ್ಯಾಸ ಏನು?" ಎಂದು ಕೇಳಿದರಂತೆ. ಇವನು ಹಲ್ಲು ಬಿಟ್ಟು ನಿಂತನಂತೆ. ಮುಂದೆ ಕ್ಲಬ್ಬಿನಲ್ಲಿ ಹವ್ಯಾಸದ ಪ್ರದರ್ಶನ ಇದೆ, ಏನಾದರೂ ತನ್ನಿ, ಆಮೇಲೆ ನೋಡೋಣ ಎಂದರಂತೆ.

ಹಾಗಾಗಿ ಒಂದು ದಿನ ನಮ್ಮ ಕಾರ್ಖಾನೆಯ ಮುಂದೆ ಬಿಳಿ ಕಾರು ನಿಂತಿತು. ಕಾರ್ಖಾನೆ ಎಂದರೆ ಎರಡು ಲೇತು, ಒಂದು ಕಿಟಕಿ, ನಾನು, ಮತ್ತು ಬೊಂಬೆಗಳಿಗೆ ಕಣ್ಣು ಬರೆಯುವ ಖುರ್ಷಿದಕ್ಕ. ಜಯಕುಮಾರ ನನ್ನ ಮುಂದೆ ಒಂದು ಪೆಟ್ಟಿಗೆ ಇಟ್ಟ. ಒಳಗೆ ಬಣ್ಣವಿಲ್ಲದ ಸೀಸದಂಥ ಲೋಹದ ತುಣುಕುಗಳು. ಜೋಡಿಸಿದರೆ ಅಂಗೈಯಗಲದ ಒಂದು ಫಿರಂಗಿ, ಹೆಬ್ಬೆರಳೆತ್ತರದ ಐದು ಜನ ಸಿಪಾಯಿಗಳು. ಮುಚ್ಚಳದ ಮೇಲೆ ಮಹಾಯುದ್ಧದ ಚಿತ್ರ, ಹೊಗೆ, ಕೆಸರು.

"ಇದೇನ್ಲಾ?"

"ಹಾಬಿ" ಎಂದ.

"ಯಾರ್ದು?"

"ನಂದೇ. ನೀನು ಮಾಡ್ಕೊಡ್ಬೇಕು."

ಫ್ಯಾಕ್ಟರಿಯ ದೊಡ್ಡ ಸಾಹೇಬರ ಮನೆಯ ಹಾಲಿನಲ್ಲಿ ಗಾಜಿನ ಬೀರು ತುಂಬಾ ಇಂಥ ಫಿರಂಗಿಗಳೇ ಇವೆಯಂತೆ. ಮನೆ ಬಾಗಿಲಿಗೆ ಬಂದು ಆಸೆಗಣ್ಣಿನಿಂದ ನೋಡುತ್ತಿದ್ದ ಇವನಿಗೆ ಅವರು ಒಂದು ಪೆಟ್ಟಿಗೆ ಕೊಟ್ಟು, ನೀವೇ ಬಣ್ಣ ಹಾಕಿ ಎಂದರಂತೆ.

"ಸಾಹೇಬ್ರು ಭಾನುವಾರ ಪೂರ್ತಿ ಕುಂತ್ಕಂಡು, ಕಣ್ಣಿಗೆ ಭೂತಗನ್ನಡಿ ಹಾಕ್ಕಂಡು, ತಾವೇ ಬಳೀತಾರೆ ಕಣ್ಲಾ. ಆಳುಗಳು ಸಿಕ್ಕಲ್ವೋ ಏನೋ ಪಾಪ" ಎಂದು ಜಯಕುಮಾರ ಮರುಗಿದ.

ನಾನು ಒಪ್ಪಿಕೊಂಡೆ. ಅಂದಿನಿಂದ ಬೆಳಗಾದರೆ ಅವನ ಫೋನು, "ಲೇ ಸ್ವಾಮಿ, ನನ್ ಹಾಬಿ ಎಲ್ಲೀಗಂಟ ಬಂತು?" ನಾನು, "ಚಕ್ರ ಒಣಗ್ತಾ ಐತೆ." ಅವನು, "ಜಲ್ದಿ ಮಾಡ್ಲಾ. ಒಬ್ಬ ಮನ್ಸ ಎಷ್ಟು ದಿನ ಅಂತ ಹಾಬಿ ಇಲ್ದೆ ಇರ್ತಾನೆ."

ಮುಚ್ಚಳದ ಚಿತ್ರದಲ್ಲಿದ್ದ ಫಿರಂಗಿ ಸಗಣಿ ಸಾರಿಸಿದ ಹಾಗಿತ್ತು. ಬಣ್ಣ ಹಚ್ಚಿದವನಿಗೆ ಕೆಲಸ ಬರುವುದಿಲ್ಲವೆಂದು ನನಗೆ ಕೂಡಲೇ ತಿಳಿಯಿತು. ನಾನು ನಳಿಗೆಗೆ ಗಿಳಿ ಹಸಿರು ಕೊಟ್ಟೆ. ಚಕ್ರಕ್ಕೆ ಅರಿಸಿನ, ಅಂಚಿಗೆ ಕೆಂಪು. ಸಿಪಾಯಿಗಳ ಕೆನ್ನೆ ಕೆಂಪಗೆ ಮಾಡಿ, ಯುದ್ಧಕ್ಕೆ ಹೊರಟವರಿಗೆ ಯಾರ ಕಣ್ಣೂ ಬೀಳದಿರಲೆಂದು ಐದು ಜನರಿಗೂ ಒಂದೊಂದು ದೃಷ್ಟಿಬೊಟ್ಟು ಇಟ್ಟೆ. ಚಕ್ರ ಇರುವ ಸಾಮಾನು ಕೈಗೆ ಬಂದರೆ ಮಕ್ಕಳು ದಾರ ಕಟ್ಟಿ ಎಳೆಯಲು ಒಂದು ತೂತು ಕೊರೆಯುವುದು ನನ್ನ ಬೆರಳಿಗೇ ಗೊತ್ತು, ತಲೆಯನ್ನು ಕೇಳುವುದಿಲ್ಲ. ಫಿರಂಗಿಯ ಬಾಲಕ್ಕೂ ಕೊರೆದೆ. ಕೊನೆಗೆ ಕೇದಗೆ ಗರಿಯಲ್ಲಿ ಉಜ್ಜಿದೆ ನೋಡಿ, ಆ ಫಿರಂಗಿ ನಿಜವಾದ ಯುದ್ಧಕ್ಕೆ ಹೋಗಿದ್ದರೆ ಶತ್ರುಗಳು ಬಂದೂಕು ಬಿಸಾಡಿ ಅದರಲ್ಲಿ ತಲೆ ಬಾಚಿಕೊಂಡು ನಿಲ್ಲುತ್ತಿದ್ದರು. ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು.

ಜಯಕುಮಾರ ಬಂದು ನೋಡಿ ತಲೆ ಕೆರೆದುಕೊಂಡ. "ಚೆನ್ನಾಗೈತೆ. ಆದ್ರೆ ಹೊಳೀಬಾರ್ದಂತೆ ಕಣ್ಲಾ. ಸಾಹೇಬ್ರು ಹೇಳವ್ರೆ. ಬಣ್ಣ ಹಚ್ಚಾದ್ಮೇಲೆ ತುಕ್ಕು, ಮಸಿ, ಕೆಸರು ಮೆತ್ತಿ ಗಲೀಜು ಮಾಡ್ಬೇಕಂತೆ. ಅದೇ ದೊಡ್ಡ ಕಲೆಯಂತೆ."

ಖುರ್ಷಿದಕ್ಕ ಕೈಯಲ್ಲಿದ್ದ ಬೊಂಬೆ ಕೆಳಗಿಟ್ಟಳು. "ಏನಂದ್ರಿ ಅಣ್ಣ? ಉಜ್ಜಿ ಉಜ್ಜಿ ನನ್ನ ಕೈರೇಖೆ ಸವೆದೋಗವೆ. ಗಲೀಜು ಮಾಡೋದಕ್ಕೆ ಇಷ್ಟು ದೂರ ಬಂದ್ರಾ? ಚರಂಡಿ ನಿಮ್ಮೂರಲ್ಲೇ ಇರ್ಲಿಲ್ವಾ?"

"ನಾನು ಹೊಳಪು ಕಳೆಯೋನಲ್ಲ" ಎಂದೆ. "ನಮ್ಮಪ್ಪ ಸ್ವರ್ಗದಿಂದ ಎದ್ದು ಬಂದು ಒದೀತಾನೆ. ಬೇಕಾದ್ರೆ ಕೆಳಗೊಂದು ಹಲಗೆ ಇಟ್ಟು ಅದಕ್ಕೆ ಕೆಸರು ಹಾಕಣ. ಫಿರಂಗಿ ಫಿರಂಗಿ ಥರಾ ಇರ್ಲಿ, ಗಲೀಜು ಗಲೀಜಿನ ಜಾಗದಲ್ಲಿರ್ಲಿ."

ಈ ಮಾತು ಕೇಳಿ ಜಯಕುಮಾರನ ಮುಖ ಅರಳಿತು. "ಹಂಗಾದ್ರೆ ನಮ್ಮ ಹೊಲದ ಮಣ್ಣೇ ಹಾಕಣ" ಎಂದ. ಮಾರಿದ ಹೊಲದ ಮಣ್ಣು ಈಗ ಕ್ಲಬ್ಬಿನ ಕಾಂಪೌಂಡಿನೊಳಗಿತ್ತು. ಅದನ್ನು ತರಬಲ್ಲವನು ಕರಿಯಪ್ಪ ಒಬ್ಬನೇ. ಹುಣಿಸೆ ಮರದ ಬುಡದಲ್ಲಿ, ಹಳೇ ಕಣದ ಜಾಗದಲ್ಲಿ, ಕುರ್ಚಿಗಳ ಸಂದಿಯಲ್ಲಿ ಕರಿಯಪ್ಪ ಹೂವಿನ ಗಿಡ ಸರಿಮಾಡುವ ಹಾಗೆ ನಟಿಸಿ, ಊಟದ ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡು ಬಂದ. ಹೊಲವನ್ನು ಕೂತ ಜಾಗದಲ್ಲಿ ರುಜು ಹಾಕಿ ಕೊಟ್ಟವನು ಅದರ ಒಂದು ಡಬ್ಬಿ ಮಣ್ಣನ್ನು ಕದ್ದು ತರಿಸಿಕೊಂಡ. ಡಬ್ಬಿಯನ್ನು ನನಗೆ ಕೊಡುವ ಮೊದಲು ಜಯಕುಮಾರ ಅದನ್ನು ಮೂಸಿ ನೋಡಿದ ಎಂದು ನಾನು ಹೇಳಿದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ. ಹೇಳುವುದಿಲ್ಲ.

ಆದರೆ ಕರಿಯಪ್ಪನ ಬಾಯಿ ಮುಚ್ಚುವ ಡಬ್ಬಿ ಯಾರ ಹತ್ತಿರವೂ ಇರಲಿಲ್ಲ. ಒಟ್ಟು ಕುಟುಂಬದ ಹೊಲದ ಮಣ್ಣು ಜಯಕುಮಾರನೊಬ್ಬನ ಹೆಸರಿನಲ್ಲಿ ಕ್ಲಬ್ಬಿಗೆ ಹೋಗುತ್ತದೆ, ಫಿರಂಗಿಯ ನಾಯಕನಿಗೆ ಅವನದೇ ಮುಖ ಬರೆಸಿಕೊಂಡಿದ್ದಾನೆ ಎಂಬ ಸುದ್ದಿ ಊರೆಲ್ಲ ಹರಡಿತು. ಮರುದಿನ ಒಂದು ಲಗೇಜ್ ಆಟೋ ನಮ್ಮ ಬಾಗಿಲಿಗೆ ಬಂತು. ಅದರಿಂದ ಇಳಿದ ದಾಯಾದಿಗಳ ಸಾಲು ಮುಗಿಯುವಷ್ಟರಲ್ಲಿ ನಾನು ಎರಡು ಬುಗುರಿ ಕಡೆದು ಮುಗಿಸಿದ್ದೆ.

ಜಯಕುಮಾರನ ದೊಡ್ಡಪ್ಪ ಮರಿಯಪ್ಪ ನನ್ನ ಮಣೆಯ ಮೇಲೆ ಕೂತು ಹಲಗೆಯನ್ನೇ ನೋಡಿದ. "ಮಣ್ಣು ಯಾರ್ದು?" ಎಂದ.

"ನಿಮ್ಮೆಲ್ರುದೂ ದೊಡ್ಡಪ್ಪ" ಎಂದ, ಆಟೋದ ಹಿಂದೆಯೇ ಕಾರು ಓಡಿಸಿಕೊಂಡು ಬಂದಿದ್ದ ಜಯಕುಮಾರ.

"ಮ್ಯಾಲೆ ನಿಂತಿರೋನು?"

"ಅದು... ಕಮಾಂಡರ್."

"ಮಖ ನಿಂದಿದ್ದಂಗೈತೆ. ಮೂಗು ನೋಡುದ್ರೆ ಗೊತ್ತಾಗಲ್ವಾ. ರುಜು ಎಲ್ರೂ ಹಾಕುದ್ವಿ, ಈಗ ನಿಲ್ಲೋನು ನೀನೊಬ್ನೇನಾ? ನಾಳೆ ಕ್ಲಬ್ಬೋರು ಇವನೊಬ್ಬಂದೇ ಹೊಲ ಅನ್ಕಂಡ್ರೆ? ನಮ್ಮುನ್ನೂ ನಿಲ್ಸು. ಇಲ್ದಿದ್ರೆ ಮಣ್ಣು ಕೆರ್ಕಂಡು ಓಯ್ತೀನಿ."

ಫಿರಂಗಿಗೆ ಐದು ಜನ ಸಾಕು, ಹೆಚ್ಚಾದರೆ ಗುಂಡು ಹಾರಿಸಲು ಜಾಗವಿರುವುದಿಲ್ಲ ಎಂದು ಜಯಕುಮಾರ ಬೇಡಿಕೊಂಡ. ಯಾರೂ ಕೇಳಲಿಲ್ಲ. ಗುಂಡು ಹಾರುವುದು ಅವರಿಗೆ ಬೇಕಿರಲಿಲ್ಲ, ನಿಲ್ಲುವ ಜಾಗ ಬೇಕಿತ್ತು. ನಾನು ಹಾಲೆ ಮರದ ತುಂಡು ಲೇತಿಗೆ ಕಟ್ಟಿ ಒಬ್ಬೊಬ್ಬನನ್ನಾಗಿ ಕಡೆಯತೊಡಗಿದೆ. ನಮ್ಮ ಲೇತಿನಲ್ಲಿ ಬರುವುದೆಲ್ಲ ದುಂಡಗೆ. ಪೆಟ್ಟಿಗೆಯಲ್ಲಿ ಬಂದ ಸಿಪಾಯಿಗಳು ಒಣಗಿದ ನುಗ್ಗೆಕಾಯಿಯಂತಿದ್ದರೆ ನನ್ನ ದಾಯಾದಿಗಳು ಕುತ್ತಿಗೆಯಿಲ್ಲದೆ, ಹೊಟ್ಟೆ ಮುಂದೆ ಬಂದು, ಮಿರಮಿರ ಹೊಳೆಯುತ್ತಿದ್ದರು. ಹೋಲಿಕೆ ಚೆನ್ನಾಗಿಯೇ ಬಂತು, ಹೊಲ ಮಾರಿದ ಮೇಲೆ ಅವರೆಲ್ಲ ಹಾಗೇ ಆಗಿದ್ದರು. ನಾಲ್ಕನೆಯವನನ್ನು ನಳಿಗೆಯ ಎಡಕ್ಕೆ ನಿಲ್ಲಿಸಿದರೆ ಐದನೆಯವನು ನನಗೂ ಮುಂದಿನ ಸಾಲೇ ಬೇಕೆಂದ. ತಮ್ಮತಮ್ಮಲ್ಲೇ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಬೆನ್ನಿಗೆ ಬೆನ್ನು ಮಾಡಿ ಅಂಟಿಸಿದೆ. ನೋಡುನೋಡುತ್ತ ಐದು ಜನರ ಪಡೆ ಹತ್ತೊಂಬತ್ತಾಯಿತು. ಫಿರಂಗಿ ಎಲ್ಲಿದೆ ಎಂದು ಬಗ್ಗಿ ಹುಡುಕಬೇಕಿತ್ತು.

ಕೊನೆಗೆ ಬಂದವಳು ಜಯಕುಮಾರನ ಸೋದರತ್ತೆ ಬೈರಮ್ಮ. ಹೊಲ ಮಾರುವಾಗ ಹೆಣ್ಣುಮಗಳೆಂದು ಅವಳಿಗೆ ಒಂದು ಸೀರೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅವಳು ಎಲ್ಲರನ್ನೂ ನೋಡಿ, ಪೆಟ್ಟಿಗೆಯ ಸಿಪಾಯಿಯೊಬ್ಬನ ಮೇಲೆ ಬೆರಳಿಟ್ಟಳು.

"ಇವ್ನ್ಯಾಕೆ ಎರಡೂ ಕಿವಿ ಮುಚ್ಕಂಡವ್ನೆ?"

"ಫಿರಂಗಿ ಸದ್ದಿಗೆ ಅತ್ತೆ."

"ಸುಳ್ಳು. ನನ್ ಪಾಲು ಎಲ್ಲಿ ಅಂತ ಕೇಳ್ದಾಗ ನಿಮ್ಮಪ್ಪ ಹಿಂಗೇ ನಿಂತಿದ್ದ. ಇವ್ನು ನಿಮ್ಮಪ್ಪನೇ ಕಣಪ್ಪ, ಸರ್ಯಾಗಿ ಮಾಡವ್ನೆ ಸ್ವಾಮಿ." ಆಮೇಲೆ ನನ್ನ ಕಡೆ ತಿರುಗಿ, "ನನ್ನೂ ಒಬ್ಳು ನಿಲ್ಸಪ್ಪ. ತಲೆ ಮ್ಯಾಲೆ ಮುದ್ದೆ ಹಿಟ್ಟಿನ ಕುಕ್ಕೆ ಇಡು. ಇಷ್ಟು ಜನಕ್ಕೆ ಹೊಲಕ್ಕೆ ಹಿಟ್ಟು ಹೊತ್ತೋಳು ನಾನೇ ತಾನೆ" ಎಂದಳು.

"ಯುದ್ಧದಲ್ಲಿ ಹೆಂಗಸರು ಇರಲ್ಲ ಅತ್ತೆ" ಎಂದ ಜಯಕುಮಾರ.

"ಕಾಗದದಲ್ಲೂ ಇರಲ್ಲ ಅಂದಿದ್ರಿ" ಎಂದಳು.

ಇಪ್ಪತ್ತನೆಯವಳಾಗಿ ಬೈರಮ್ಮ ನಿಂತಳು. ಅವಳ ಸೆರಗಿನ ಅಂಚನ್ನು ಖುರ್ಷಿದಕ್ಕ ಕೇಳದೆಯೇ ತಾನಾಗಿ ಬರೆದಳು.

ಪ್ರದರ್ಶನದ ದಿನ ಜಯಕುಮಾರ ಎದೆ ಉಬ್ಬಿಸಿ ಗೇಟು ದಾಟಿದ. ಕರಿಯಪ್ಪ ಸೆಲ್ಯೂಟ್ ಹೊಡೆದ. ಹಲಗೆ ಹಿಡಿದುಕೊಂಡು ಹಿಂದೆ ನಾನು, ನನ್ನ ಹಿಂದೆ ಬೇಡವೆಂದರೂ ಕಾರು ಹತ್ತಿದ್ದ ಬೈರಮ್ಮ. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಒಬ್ಬರು ಅಂಚೆ ಚೀಟಿ, ಒಬ್ಬರು ಚಿಟ್ಟೆ, ದೊಡ್ಡ ಸಾಹೇಬರು ಮಣ್ಣು ಮಸಿ ಬಳಿದ ತಮ್ಮ ಫಿರಂಗಿಗಳು. ನಾನು ನಮ್ಮ ಹಲಗೆಯ ಮೇಲಿನ ಬಟ್ಟೆ ತೆಗೆದ ಕೂಡಲೇ ಹಾಲಿನ ಟ್ಯೂಬ್‌ಲೈಟುಗಳು ನಾಚಿಕೊಂಡು ಒಂದೆರಡು ಸಲ ಮಿಟುಕಿದವು. ಕರೆಂಟು ಹೋಗಿ ಬಂತು ಎಂದು ಅಲ್ಲಿದ್ದವರು ತಪ್ಪು ತಿಳಿದುಕೊಂಡರು.

ಮೇಜರ್ ಬಂದರು. ಬಗ್ಗಿದರು. ಬೆರಳು ತೋರಿಸಿ ಒಂದೊಂದೇ ತಲೆ ಎಣಿಸಿದರು.

"ಈ ತೋಪಿಗೆ ಐದು ಜನ ಸಾಕು. ಉಳಿದವರು ಯಾರು?"

"ರಿಸರ್ವ್ ಸಾರ್" ಎಂದ ಜಯಕುಮಾರ.

"ಸುಮ್ನೆ ನಿಂತವ್ರೆ ಬುದ್ಧಿ" ಎಂದಳು ಬೈರಮ್ಮ. "ನಮ್ಮ ಹೊಲಕ್ಕೆ ಜೇಸಿಬಿ ಬಂದಾಗ್ಲೂ ಹಿಂಗೇ ನಿಂತಿದ್ರು. ಒಬ್ಬ ಅಗೀತಾ ಇದ್ದ, ಇವ್ರೆಲ್ಲಾ ನೋಡ್ತಾ ಇದ್ರು."

ಮೇಜರ್ ಮೀಸೆಯೊಳಗೇ ನಕ್ಕರು. ಬಾಲದ ತೂತಿನ ಮೇಲೆ ಬೆರಳಿಟ್ಟರು. "ಇದು ಸರಿಯಾಗಿದೆ. ತೋಪನ್ನು ಗಾಡಿಗೆ ಕಟ್ಟಿ ಎಳೆಯುವುದು ಇಲ್ಲಿಂದಲೇ. ಸಾಹೇಬರೂ ಇದನ್ನು ಮರೆತಿದ್ದಾರೆ." ನಾನು ಕತ್ತು ನೆಟ್ಟಗೆ ಮಾಡಿಕೊಂಡೆ. ಸೈನ್ಯದ ರಹಸ್ಯಗಳು ನನ್ನ ಬೆರಳಿಗೆ ಹುಟ್ಟಿನಿಂದಲೇ ಗೊತ್ತು ಎಂಬುದು ಅಂದು ಸಾಬೀತಾಯಿತು.

ಜಯಕುಮಾರನ ಕಣ್ಣು ಕಿಟಕಿಯಾಚೆಯ ಹುಣಿಸೆ ಮರದ ಮೇಲಿತ್ತು. ಇನ್ನೇನು ಆ ಕುರ್ಚಿ ಅವನದಾಗಬೇಕು. ಅಷ್ಟರಲ್ಲಿ ಮೇಜರ್ ಪ್ರೀತಿಯಿಂದಲೇ ಕೇಳಿದರು, "ಕಣ್ಣುಗಳು ಬಹಳ ಸೂಕ್ಷ್ಮವಾಗಿವೆ. ಯಾವ ನಂಬರಿನ ಬ್ರಷ್ ಬಳಸಿದಿರಿ?"

ಜಯಕುಮಾರ, "ಒಂದ್ನಿಮಿಷ ಸಾರ್, ಕೇಳಿ ಹೇಳ್ತೀನಿ" ಎಂದು ಮೊಬೈಲ್ ತೆಗೆದು ಒತ್ತಿದ. ಅವನ ಬೆನ್ನ ಹಿಂದೆ, ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಳಗಾದರೆ ಫೋನಿನಲ್ಲೇ ಹಾಬಿ ವಿಚಾರಿಸಿ ಅವನಿಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು. ನಾನು ಎತ್ತಿದೆ. ಎತ್ತದೆ ಏನು ಮಾಡಲಿ? ಇಡೀ ಹಾಲು ನಮ್ಮಿಬ್ಬರನ್ನೂ ನೋಡುತ್ತಿತ್ತು. "ಜೀರೋ ನಂಬರ್ರು" ಎಂದೆ ಫೋನಿನೊಳಗೆ. "ಜೀರೋ ನಂಬರ್ ಸಾರ್" ಎಂದ ಅವನು.

ಆಮೇಲೆ ಮೇಜರ್ ನನ್ನ ಕೈ ಕುಲುಕಿ, ನೀವೇ ಮೆಂಬರಾಗಿ ಎಂದು ಅಂಗಲಾಚಿದರು. ನಾನೇ ಬೇಡ, ನನಗೆ ಪುರಸೊತ್ತಿಲ್ಲ ಎಂದೆ. ಅವರು ಕುಲುಕಿದ್ದು ಬೈರಮ್ಮನ ಕೈ ಎಂದು ಜಯಕುಮಾರ ಹೇಳಿಕೊಂಡು ತಿರುಗುತ್ತಾನೆ, ಖುರ್ಷಿದಕ್ಕ ನಂಬುತ್ತಾಳೆ. ಅಂತೂ ತೀರ್ಮಾನ ಹೀಗಾಯಿತು. ಹಲಗೆ ಬಹಳ ಚೆನ್ನಾಗಿದೆ, ಹಳ್ಳಿಯ ಕಲೆ, ಕ್ಲಬ್ಬಿನ ಮುಂದಿನ ಹಾಲಿನಲ್ಲಿ ಖಾಯಂ ಆಗಿ ಇಡುತ್ತೇವೆ. ಮೆಂಬರ್‌ಶಿಪ್ ವಿಷಯ ಮುಂದೆ ನೋಡೋಣ.

ಹೀಗೆ ಇಪ್ಪತ್ತು ಜನರ ಇಡೀ ಕುಟುಂಬ ಕ್ಲಬ್ಬಿನೊಳಗೆ ತಂಪಾದ ಹಾಲಿನಲ್ಲಿ, ತಮ್ಮದೇ ಮಣ್ಣಿನ ಮೇಲೆ ನಿಂತಿತು. ಜಯಕುಮಾರ ಗೇಟಿನ ಈಚೆ ನಿಂತ. ಕರಿಯಪ್ಪ ಬಾಗಿಲು ಹಾಕಿಕೊಂಡ. ಕೆಲವು ದಿನ ಜಯಕುಮಾರ ನನ್ನ ಫೋನೂ ಎತ್ತಲಿಲ್ಲ. ಹಾಬಿ ಹೇಗಿದೆ ಎಂದು ನಾನು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದೆ.

ಅಷ್ಟರಲ್ಲಿ ಕರಿಯಪ್ಪನಿಗೆ ಒಳಗಿನ ಕ್ಲೀನಿಂಗ್ ಕೆಲಸಕ್ಕೆ ಬಡ್ತಿಯಾಯಿತು. ಅವನಿಗೆ ಒರೆಸುವುದೆಂದರೆ ಮೊದಲು ನೀರು ಚಿಮುಕಿಸುವುದು, ಅಂಗಳಕ್ಕೆ ಚಿಮುಕಿಸಿದ ಹಾಗೆ. ಹಲಗೆಗೆ ಗಾಜಿನ ಮುಚ್ಚಳ ಮಾಡಿಸುತ್ತೇವೆಂದವರು ಇನ್ನೂ ಮಾಡಿಸಿರಲಿಲ್ಲ. ಒಂದು ಬೆಳಿಗ್ಗೆ ಅವನು ನನಗೆ ಫೋನು ಮಾಡಿದ.

"ಅಣ್ಣ, ಫಿರಂಗಿ ಸುತ್ತ ಹಸ್ರಾಗೈತೆ."

"ಬಣ್ಣ ಬುಟ್ಕಂತಾ?"

"ಬಣ್ಣ ಅಲ್ಲ ಅಣ್ಣ. ರಾಗಿ."

ಕಣದ ಮಣ್ಣಿನಲ್ಲಿ ಯಾವ ಕಾಲದಲ್ಲೋ ಉದುರಿದ್ದ ಕಾಳು. ಚಕ್ರದ ಸಂದಿಯಲ್ಲಿ, ಮರಿಯಪ್ಪನ ಹೊಟ್ಟೆಯ ಕೆಳಗೆ, ಬೆನ್ನು ತಿರುಗಿಸಿ ನಿಂತ ಅಣ್ಣತಮ್ಮಂದಿರ ನಡುವೆ ಎದ್ದು ನಿಂತಿತ್ತು. ಕಮಾಂಡರ್ ಜಯಕುಮಾರ ಮೊಣಕಾಲವರೆಗೆ ಬೆಳೆಯಲ್ಲಿ ಮುಳುಗಿದ್ದ. ಕ್ಲಬ್ಬಿನವರ ಕಣ್ಣಿಗೆ ಅದು ಹುಲ್ಲು. ತಂದವರೇ ಬಂದು ಕಿತ್ತುಕೊಂಡು ಹೋಗಲಿ ಎಂದು ಅಪ್ಪಣೆಯಾಯಿತು.

ಜಯಕುಮಾರ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡು ಹೋದ. ಹಿಂದಿನ ಗೇಟಿನಲ್ಲಿ ಅವನ ಜೇಬಿಗೆ ಒಂದು ಪಾಸು ಸಿಕ್ಕಿಸಿದರು. ಅದರ ಮೇಲೆ ಕಳೆ ಕೀಳುವವರು ಎಂದು ಬರೆದಿತ್ತು. ಅವನು ಅದನ್ನು ಕರವಸ್ತ್ರದಿಂದ ಮುಚ್ಚಿಕೊಂಡು, ಬೆರಳ ತುದಿಯಲ್ಲಿ ಒಂದೊಂದೇ ಪೈರು ಕಿತ್ತ. ಹೊರಗೆ ಬರುವಾಗ ಹುಣಿಸೆ ಮರದ ಕೆಳಗೆ ಬೂಟಿನ ದಾರ ಬಿಚ್ಚಿಕೊಂಡಿತು. ಬಿಳಿ ಕುರ್ಚಿಯಲ್ಲಿ ಕೂತು ಅದನ್ನು ಕಟ್ಟುವುದಕ್ಕೆ ಅವನಿಗೆ ಅರ್ಧ ಗಂಟೆ ಹಿಡಿಯಿತು ಎಂದು ಕರಿಯಪ್ಪ ಹೇಳುತ್ತಾನೆ.

ಈಗ ಅವನು ಆಗಾಗ ಹೋಗುತ್ತಾನೆ. ಊರಿನಲ್ಲಿ ಕೇಳಿದರೆ, "ಕ್ಲಬ್ಬಿಗೆ ಓಗಿದ್ದೆ" ಎನ್ನುತ್ತಾನೆ. ಸುಳ್ಳೇನಲ್ಲ. ಮೊನ್ನೆ ನಮ್ಮ ಕಾರ್ಖಾನೆಗೆ ಬಂದವನು, "ಒಂದು ಪೈರು ಮಾತ್ರ ಕೀಳ್ದೆ ಬುಟ್ಬತ್ತೀನಿ ಕಣ್ಲಾ. ಅದು ತೆನೆ ಬುಟ್ಟು ಉದುರಿದ್ರೆ ತಿರ್ಗಾ ಹುಟ್ಟತದೆ. ತಿರ್ಗಾ ಕರೀತಾರೆ" ಎಂದ.

"ಯಾವ್ದು ಬುಟ್ಟೆ?" ಎಂದೆ.

"ಅತ್ತೆ ಕಾಲತ್ರ ಇರೋದು. ಮ್ಯಾಲಿಂದ ನೋಡುದ್ರೆ ಕುಕ್ಕೆ ಮರೇಲಿ ಯಾರ್ಗೂ ಕಾಣಲ್ಲ."

ಈ ಮಾತನ್ನು ಯಾರಿಗೂ ಹೇಳಬೇಡ ಎಂದ. ನನ್ನಷ್ಟು ಗುಟ್ಟು ಕಾಪಾಡುವವನು ಮಾಗಡಿಯಿಂದ ಕನಕಪುರದವರೆಗೆ ಇನ್ನೊಬ್ಬನಿಲ್ಲ. ಆದರೂ ಆ ಸಂಜೆಯೇ ಬೈರಮ್ಮ ಅವನ ಮನೆಯ ಜಗಲಿ ಮೇಲೆ ಕುಡುಗೋಲು ಹಿಡಿದು ಕೂತಿದ್ದಳಂತೆ.

"ನನ್ ಕಾಲಡಿ ಬೆಳ್ದಿರೋದು ನನ್ ಪಾಲು ಕಣಪ್ಪ" ಎಂದಳಂತೆ. "ಕುಯ್ಯಾಕೆ ನಾನೇ ಬತ್ತೀನಿ. ನಂಗೂ ಒಂದು ಪಾಸು ಮಾಡ್ಸು."